ಮೊದಲ ಕ್ರೆಡಿಟ್ ಕಾರ್ಡ್: ಸಾಲದ ದಾಖಲೆಯೇ ಇಲ್ಲದವರು ಪಡೆಯುವುದು ಹೇಗೆ?

ವ್ಯಾಪಾರಿ ಮನೆತನಗಳಲ್ಲಿ ಸಾಲ ಮಾಡದಿರುವುದೇ ಒಂದು ಮರ್ಯಾದೆ. ಅಂಗಡಿಯ ಸರಕು ನಗದಿಗೆ ಬರುತ್ತದೆ, ಇಲ್ಲವೇ ಪರಿಚಯದ ಮೇಲೆ ಉದ್ರಿಯಾಗಿ ಬಂದು ಹೇಳಿದ ದಿನಕ್ಕೆ ಚುಕ್ತಾ ಆಗುತ್ತದೆ. ವಾಹನ, ಒಡವೆ ಕೊಳ್ಳುವುದೂ ಕೂಡಿಟ್ಟ ಹಣದಲ್ಲೇ. ಇಂಥ ಮನೆಯ ಮಗನೋ ಮಗಳೋ ಓದು ಮುಗಿಸಿ, ಕೆಲಸಕ್ಕೆ ಸೇರಿ, ಕ್ರೆಡಿಟ್ ಕಾರ್ಡಿಗೆ ಅರ್ಜಿ ಹಾಕಿದಾಗ ‘ಸಾಲದ ಇತಿಹಾಸವಿಲ್ಲ’ ಎಂಬ ಕಾರಣಕ್ಕೆ ಅರ್ಜಿ ತಿರಸ್ಕೃತವಾಗುತ್ತದೆ. ಯಾರ ಒಂದು ರೂಪಾಯಿಯನ್ನೂ ಬಾಕಿ ಇಟ್ಟುಕೊಳ್ಳದ ಮನೆಯವರಿಗೆ ಇದು ಅವಮಾನದಂತೆ ಕಾಣುವುದು ಸಹಜ.

ಇದರಲ್ಲಿ ಅವಮಾನದ ಮಾತೇನೂ ಇಲ್ಲ. ಅಂಗಡಿಯವರು ಹೊಸ ಗಿರಾಕಿಗೆ ಮೊದಲ ದಿನವೇ ದೊಡ್ಡ ಮೊತ್ತದ ಉದ್ರಿ ಕೊಡುವುದಿಲ್ಲ. ಬ್ಯಾಂಕ್ ಮಾಡುವುದೂ ಅದನ್ನೇ. ಊರಿನಲ್ಲಿ ಮನೆತನದ ಹೆಸರು ಎಷ್ಟೇ ದೊಡ್ಡದಿರಲಿ, ಬ್ಯಾಂಕಿನ ಕಂಪ್ಯೂಟರಿಗೆ ಕಾಣುವುದು ದಾಖಲಾದ ಲೆಕ್ಕ ಮಾತ್ರ. ಆ ಲೆಕ್ಕವನ್ನು ಸಣ್ಣ ಮೊತ್ತದಿಂದ, ಬಡ್ಡಿ ಕಟ್ಟದೆ ಆರಂಭಿಸುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಸ್ಕೋರ್ ಇಲ್ಲದಿರುವುದು ಬೇರೆ, ಕೆಟ್ಟಿರುವುದು ಬೇರೆ

ಸಾಲ ಪಡೆದವರ ಮರುಪಾವತಿಯ ವಿವರವನ್ನು ಸಂಗ್ರಹಿಸಿಡಲು ಭಾರತದಲ್ಲಿ ರಿಸರ್ವ್ ಬ್ಯಾಂಕಿನ ಅನುಮತಿ ಪಡೆದ ನಾಲ್ಕು ಸಂಸ್ಥೆಗಳಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್. ಇವುಗಳಲ್ಲಿ ಸಿಬಿಲ್ ಹಳೆಯದು, 2000ರಲ್ಲಿ ಸ್ಥಾಪನೆಯಾಯಿತು. ಆದ್ದರಿಂದಲೇ ಯಾವ ಸಂಸ್ಥೆಯ ಸ್ಕೋರ್ ಆದರೂ ಜನ ಅದನ್ನು ‘ಸಿಬಿಲ್’ ಎಂದೇ ಕರೆಯುತ್ತಾರೆ. ಈ ಸಂಸ್ಥೆಗಳಿಗೆ 2005ರ ಪ್ರತ್ಯೇಕ ಕಾಯ್ದೆ ಇದೆ.

ಸ್ಕೋರ್ 300ರಿಂದ 900ರವರೆಗೆ ಇರುತ್ತದೆ. 750ಕ್ಕಿಂತ ಮೇಲಿದ್ದರೆ ಬ್ಯಾಂಕುಗಳು ಸಾಮಾನ್ಯವಾಗಿ ಒಳ್ಳೆಯದೆಂದು ಪರಿಗಣಿಸುತ್ತವೆ. ಎಂದೂ ಸಾಲ ಪಡೆಯದವರ ವರದಿಯಲ್ಲಿ ಅಂಕಿಯ ಬದಲು ‘ಎನ್‌ಎಚ್’ ಎಂದೋ ‘ಮೈನಸ್ 1’ ಎಂದೋ ಬರುತ್ತದೆ. ಮೈನಸ್ ಎಂದು ಕಂಡ ಕೂಡಲೇ ಗಾಬರಿಯಾಗಬೇಕಿಲ್ಲ. ದಾಖಲೆ ಇಲ್ಲ ಎಂಬುದಷ್ಟೇ ಅದರ ಅರ್ಥ. ಕಂತು ತಪ್ಪಿಸಿ 550ಕ್ಕೆ ಇಳಿದವರಿಗಿಂತ ಇವರ ಸ್ಥಿತಿ ಎಷ್ಟೋ ಮೇಲು. ಕೆಟ್ಟ ಸ್ಕೋರ್ ಸರಿಪಡಿಸಲು ವರ್ಷಗಳೇ ಬೇಕಾಗಬಹುದು. ಖಾಲಿ ಇರುವ ಕಡೆ ಸಾಮಾನ್ಯವಾಗಿ ಆರು ತಿಂಗಳ ವ್ಯವಹಾರದಲ್ಲಿ ಸ್ಕೋರ್ ಮೂಡುತ್ತದೆ.

ಸರ್ಕಾರವೂ ಈ ವಿಷಯದಲ್ಲಿ ಸ್ಪಷ್ಟನೆ ಕೊಟ್ಟಿದೆ. ಸಾಲಕ್ಕೆ ಇಷ್ಟೇ ಕನಿಷ್ಠ ಸ್ಕೋರ್ ಇರಬೇಕೆಂದು ರಿಸರ್ವ್ ಬ್ಯಾಂಕ್ ನಿಗದಿ ಮಾಡಿಲ್ಲ, ಮೊದಲ ಬಾರಿ ಸಾಲ ಕೇಳುವವರ ಅರ್ಜಿಯನ್ನು ಇತಿಹಾಸವಿಲ್ಲ ಎಂಬ ಒಂದೇ ಕಾರಣಕ್ಕೆ ತಿರಸ್ಕರಿಸಬಾರದೆಂದು ಬ್ಯಾಂಕುಗಳಿಗೆ ತಿಳಿಸಲಾಗಿದೆ ಎಂದು ಹಣಕಾಸು ಸಚಿವಾಲಯ 2025ರ ಆಗಸ್ಟ್‌ನಲ್ಲಿ ಲೋಕಸಭೆಗೆ ಹೇಳಿತು. ಆದರೂ ಆದಾಯ, ಉದ್ಯೋಗ, ಖಾತೆಯ ವಹಿವಾಟು ನೋಡಿ ಕೊಡುವುದೋ ಬಿಡುವುದೋ ಎಂದು ತೀರ್ಮಾನಿಸುವ ಅಧಿಕಾರ ಬ್ಯಾಂಕಿನದೇ.

ಯಾವುದು ಲೆಕ್ಕಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ

ಈ ಬಗ್ಗೆ ಬಹಳ ಕುಟುಂಬಗಳಲ್ಲಿ ತಪ್ಪು ತಿಳಿವಳಿಕೆ ಇದೆ. ಉಳಿತಾಯ ಖಾತೆಯಲ್ಲಿ ಲಕ್ಷಗಟ್ಟಲೆ ಹಣವಿದ್ದರೂ ಸ್ಕೋರ್ ಬರುವುದಿಲ್ಲ. ಡೆಬಿಟ್ ಕಾರ್ಡ್, ಯುಪಿಐ ಬಳಕೆ ಎಷ್ಟೇ ಇದ್ದರೂ ಬರುವುದಿಲ್ಲ, ಏಕೆಂದರೆ ಅದು ಸ್ವಂತ ಹಣ. ಸಗಟು ವ್ಯಾಪಾರಿಗೆ ತಪ್ಪದೆ ಕಟ್ಟಿದ ಉದ್ರಿ, ನೆಂಟರಿಂದ ಪಡೆದ ಕೈಗಡ, ಚೀಟಿ ವ್ಯವಹಾರ ಇವು ಯಾವುವೂ ಅಲ್ಲಿಗೆ ತಲುಪುವುದಿಲ್ಲ. ಪತ್ತಿನ ಸಹಕಾರ ಸಂಘಗಳಲ್ಲಿ ಪಡೆದು ತೀರಿಸಿದ ಸಾಲವೂ ಸಾಮಾನ್ಯವಾಗಿ ಈ ವರದಿಯಲ್ಲಿ ಕಾಣುವುದಿಲ್ಲ.

ಬ್ಯಾಂಕ್ ಮತ್ತು ಫೈನಾನ್ಸ್ ಕಂಪನಿಗಳ ಸಾಲಗಳು ಕಾಣುತ್ತವೆ: ಮನೆ ಸಾಲ, ವಾಹನ ಸಾಲ, ಶಿಕ್ಷಣ ಸಾಲ, ಬ್ಯಾಂಕಿನ ಚಿನ್ನದ ಸಾಲ, ಕಂತಿನಲ್ಲಿ ಕೊಂಡ ಮೊಬೈಲ್ ಅಥವಾ ಫ್ರಿಜ್, ಮತ್ತು ಕ್ರೆಡಿಟ್ ಕಾರ್ಡ್. ಬೇರೆಯವರ ಸಾಲಕ್ಕೆ ಹಾಕಿದ ಜಾಮೀನು ಸಹಿಯೂ ಕಾಣುತ್ತದೆ. ದಾಕ್ಷಿಣ್ಯಕ್ಕೆ ಚಿಕ್ಕಪ್ಪನ ಸಾಲಕ್ಕೋ ಪಾಲುದಾರನ ಸಾಲಕ್ಕೋ ಸಹಿ ಹಾಕಿ ಮರೆತವರು, ಆ ಸಾಲದ ಕಂತು ತಪ್ಪಿದ್ದರೆ, ತಮ್ಮ ಸ್ವಂತ ಅರ್ಜಿಯ ಸಮಯದಲ್ಲಿ ಅದರ ಬಿಸಿ ಅನುಭವಿಸುತ್ತಾರೆ. ‘ನನ್ನ ಹೆಸರಲ್ಲಿ ಯಾವ ಸಾಲವೂ ಇಲ್ಲ’ ಎನ್ನುವ ಮೊದಲು ಜಾಮೀನು ಹಾಕಿದ್ದೇವೆಯೇ ಎಂದು ನೆನಪಿಸಿಕೊಳ್ಳಬೇಕು.

ಹೆಣ್ಣುಮಕ್ಕಳ ಹೆಸರಿನಲ್ಲಿ ಏನಿದೆ?

ಬಹಳ ಮನೆಗಳಲ್ಲಿ ಅಂಗಡಿ, ಮನೆ, ಬ್ಯಾಂಕ್ ವ್ಯವಹಾರ ಎಲ್ಲವೂ ಯಜಮಾನರ ಹೆಸರಿನಲ್ಲಿರುತ್ತದೆ. ಹೆಂಡತಿಗೆ ಅವರ ಕಾರ್ಡಿನ ಮೇಲೆಯೇ ಒಂದು ಆ್ಯಡ್-ಆನ್ ಕಾರ್ಡ್ ಇರಬಹುದು. ಹತ್ತು ವರ್ಷ ಅದನ್ನು ಬಳಸಿದರೂ ಆ ದಾಖಲೆ ಸಾಮಾನ್ಯವಾಗಿ ಮುಖ್ಯ ಕಾರ್ಡುದಾರರ ಹೆಸರಿಗೇ ಸೇರುತ್ತದೆ. ಖರ್ಚಿನ ಹೊಣೆಯೂ ಅವರದೇ.

ಯಜಮಾನರು ಇದ್ದಕ್ಕಿದ್ದಂತೆ ತೀರಿಕೊಂಡರೆ ಆ ಕಾರ್ಡುಗಳೂ ಅಲ್ಲಿಗೆ ನಿಲ್ಲುತ್ತವೆ. ಅಂಗಡಿ ಮುಂದುವರಿಸಲೋ ಮಕ್ಕಳ ಕಾಲೇಜಿಗೋ ಸಾಲ ಕೇಳಲು ಹೋದ ಹೆಣ್ಣುಮಗಳು ಐವತ್ತನೆಯ ವಯಸ್ಸಿನಲ್ಲಿ ಬ್ಯಾಂಕಿನ ಪಾಲಿಗೆ ಹೊಸಬರಾಗಿ ನಿಲ್ಲಬೇಕಾಗುತ್ತದೆ. ಆದ್ದರಿಂದ ಮನೆಯ ಹೆಣ್ಣುಮಕ್ಕಳ ಸ್ವಂತ ಹೆಸರಿನಲ್ಲಿ, ಸ್ವಂತ ಪ್ಯಾನ್ ಮೇಲೆ, ಸಣ್ಣದಾದರೂ ಒಂದು ಕಾರ್ಡ್ ಇರುವುದು ಒಳ್ಳೆಯದು. ಗೃಹಿಣಿಯರಿಗೂ ಸುಲಭವಾಗಿ ಸಿಗುವ ದಾರಿ ಒಂದಿದೆ. ಅದೇ ಎಫ್‌ಡಿ ಆಧಾರದ ಕಾರ್ಡ್.

ಮೊದಲ ಕಾರ್ಡಿಗೆ ಮೂರು ದಾರಿ

ಒಂದು, ಎಫ್‌ಡಿ ಮೇಲಿನ ಕಾರ್ಡ್. ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿ ಇಟ್ಟು ಅದರ ಆಧಾರದ ಮೇಲೆ ಕಾರ್ಡ್ ಪಡೆಯುವುದು. ಹಲವು ಸರ್ಕಾರಿ ಮತ್ತು ಖಾಸಗಿ ಬ್ಯಾಂಕುಗಳಲ್ಲಿ ಈ ವ್ಯವಸ್ಥೆ ಇದೆ. ಕಾರ್ಡಿನ ಲಿಮಿಟ್ ಸಾಮಾನ್ಯವಾಗಿ ಠೇವಣಿಯ ಶೇ. 75ರಿಂದ 100ರವರೆಗೆ ಇರುತ್ತದೆ. 25,000 ರೂ. ಠೇವಣಿಗೆ ಶೇ. 80ರಂತೆ 20,000 ರೂ. ಲಿಮಿಟ್ ಸಿಕ್ಕೀತು. ಠೇವಣಿಗೆ ಬಡ್ಡಿ ಎಂದಿನಂತೆ ಬರುತ್ತಿರುತ್ತದೆ. ಕೈಯಲ್ಲಿ ಭದ್ರತೆ ಇರುವುದರಿಂದ ಬ್ಯಾಂಕ್ ಸಂಬಳದ ಚೀಟಿಗೆ, ಹಳೆಯ ಸ್ಕೋರಿಗೆ ಹೆಚ್ಚು ಒತ್ತು ಕೊಡುವುದಿಲ್ಲ. ಕಾರ್ಡ್ ಚಾಲ್ತಿಯಲ್ಲಿರುವವರೆಗೆ ಆ ಠೇವಣಿಯನ್ನು ಮುರಿಯಲು ಬರುವುದಿಲ್ಲ; ಬಿಲ್ ಕಟ್ಟದಿದ್ದರೆ ಬ್ಯಾಂಕ್ ಅದರಿಂದಲೇ ವಸೂಲು ಮಾಡಿಕೊಳ್ಳುತ್ತದೆ. ಹಾಗಾಗಿ ಆಪತ್ತಿಗೆಂದು ಇಟ್ಟ ಹಣವನ್ನು ಇದಕ್ಕೆ ಹಾಕಬಾರದು, ಬೇರೆ ಸಣ್ಣ ಠೇವಣಿ ಮಾಡಿಸಬೇಕು.

ಎರಡು, ಸಂಬಳದ ಖಾತೆ ಇರುವ ಬ್ಯಾಂಕ್. ಪ್ರತಿ ತಿಂಗಳು ಸಂಬಳ ಜಮೆಯಾಗುವುದನ್ನು ನೋಡುತ್ತಿರುವ ಬ್ಯಾಂಕಿಗೆ ಅರ್ಜಿದಾರರ ಪರಿಚಯ ಆಗಲೇ ಇರುತ್ತದೆ. ಆರೇಳು ತಿಂಗಳು ಸಂಬಳ ಬಂದ ಮೇಲೆ ಕೆಲವು ಬ್ಯಾಂಕುಗಳು ತಾವಾಗಿಯೇ ಕಾರ್ಡ್ ಕೊಡಲು ಮುಂದಾಗುತ್ತವೆ. ಪರಿಚಯವಿಲ್ಲದ ಬ್ಯಾಂಕಿಗೆ ಹೋಗುವ ಮುನ್ನ ಇಲ್ಲಿ ಕೇಳುವುದು ಲೇಸು.

ಮೂರು, ವ್ಯಾಪಾರಸ್ಥರಿಗೆ ಆದಾಯ ತೆರಿಗೆ ರಿಟರ್ನ್. ಅಂಗಡಿ ನೋಡಿಕೊಳ್ಳುವ ಮಗನಿಗೆ ಸಂಬಳದ ಚೀಟಿ ಇರುವುದಿಲ್ಲ. ಮನೆಯ ಖರ್ಚು ಗಲ್ಲಾಪೆಟ್ಟಿಗೆಯಿಂದಲೇ ನಡೆಯುವುದರಿಂದ ಅವನ ಖಾತೆಯಲ್ಲಿ ವಹಿವಾಟೂ ಕಾಣುವುದಿಲ್ಲ. ಬ್ಯಾಂಕ್ ಕೇಳುವುದು ಸಾಮಾನ್ಯವಾಗಿ ಒಂದೆರಡು ವರ್ಷದ ರಿಟರ್ನ್. ತೆರಿಗೆ ಬರುವಷ್ಟು ಆದಾಯವಿಲ್ಲದಿದ್ದರೂ ಪ್ರತಿ ವರ್ಷ ಸಕಾಲಕ್ಕೆ ರಿಟರ್ನ್ ಸಲ್ಲಿಸುವ ರೂಢಿ ಇಟ್ಟುಕೊಂಡರೆ ಅದೇ ಮುಂದೆ ದಾಖಲೆಯಾಗುತ್ತದೆ. ಮಗನಿಗೆ ಅಂಗಡಿಯಿಂದ ಕೊಡುವ ಹಣವನ್ನು ತಿಂಗಳ ಇಂಥ ದಿನ ಎಂದು ಗೊತ್ತುಮಾಡಿ ಬ್ಯಾಂಕ್ ಮೂಲಕ ಕೊಡುವುದೂ ಸಹಾಯಕ.

ಅರ್ಜಿ ಹಾಕುವ ಮುನ್ನ

ಮೊದಲು ಸ್ವಂತ ವರದಿ ತೆಗೆದು ನೋಡಬೇಕು. ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂಬ ನಿಯಮ 2017ರಿಂದ ಜಾರಿಯಲ್ಲಿದೆ. ತಮ್ಮ ವರದಿಯನ್ನು ತಾವೇ ನೋಡಿದರೆ ಸ್ಕೋರ್ ಕಡಿಮೆಯಾಗುವುದಿಲ್ಲ. ಎಂದೋ ಕಂತಿನಲ್ಲಿ ಕೊಂಡ ಮೊಬೈಲಿನ ಕೊನೆಯ ಕಂತು ಉಳಿದಿರುವುದೋ, ಬೇರೆ ಯಾರದೋ ಸಾಲ ತಮ್ಮ ಹೆಸರಿಗೆ ಸೇರಿರುವುದೋ ಇಲ್ಲಿ ಗೊತ್ತಾಗುತ್ತದೆ.

ಹೆಸರಿನ ವಿಚಾರಕ್ಕೆ ನಮ್ಮ ಸಮಾಜದ ಕುಟುಂಬಗಳು ವಿಶೇಷ ಗಮನ ಕೊಡಬೇಕು. ಶಾಲೆಯ ದಾಖಲೆಯಲ್ಲಿ ಊರು ಮತ್ತು ತಂದೆಯ ಇನಿಷಿಯಲ್, ಆಧಾರ್‌ನಲ್ಲಿ ಮನೆತನದ ಹೆಸರು, ಪ್ಯಾನ್ ಕಾರ್ಡಿನಲ್ಲಿ ಕೊನೆಗೆ ‘ಜೈನ್’ ಎಂದಿರುವವರು ಬಹಳ. ಮದುವೆಯಾದ ಹೆಣ್ಣುಮಕ್ಕಳಿಗೆ ಇನ್ನೊಂದು ಹೆಸರು ಸೇರುತ್ತದೆ. ಹೆಸರು, ಜನ್ಮದಿನಾಂಕ, ಪ್ಯಾನ್ ಸಂಖ್ಯೆ ತಾಳೆಯಾಗದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಪ್ಯಾನ್, ಆಧಾರ್, ಬ್ಯಾಂಕ್ ಖಾತೆ ಮೂರರಲ್ಲೂ ಒಂದೇ ಹೆಸರು ಇರುವಂತೆ ಮೊದಲು ಸರಿಪಡಿಸಿಕೊಂಡರೆ ಮುಂದಿನ ಅಲೆದಾಟ ತಪ್ಪುತ್ತದೆ.

ಸಿದ್ಧವಾಗಿಟ್ಟುಕೊಳ್ಳಬೇಕಾದ ಕಾಗದಪತ್ರಗಳು:

- ಪ್ಯಾನ್ ಕಾರ್ಡ್ ಮತ್ತು ಆಧಾರ್
- ಈಗಿನ ವಿಳಾಸದ ಪುರಾವೆ (ಬಾಡಿಗೆ ಮನೆ, ಪಿ.ಜಿ.ಯಲ್ಲಿ ಇರುವವರಿಗೆ ಇದೇ ಹೆಚ್ಚು ತೊಡಕು)
- ಭಾವಚಿತ್ರ
- ಉದ್ಯೋಗಿಗಳಿಗೆ ಇತ್ತೀಚಿನ ಸಂಬಳದ ಚೀಟಿ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್
- ವ್ಯಾಪಾರಸ್ಥರಿಗೆ ಆದಾಯ ತೆರಿಗೆ ರಿಟರ್ನ್, ಇದ್ದರೆ ಜಿಎಸ್‌ಟಿ ಅಥವಾ ಉದ್ಯಮ್ ನೋಂದಣಿ

ಒಂದು ಸಲಕ್ಕೆ ಒಂದೇ ಬ್ಯಾಂಕಿಗೆ ಅರ್ಜಿ ಹಾಕಬೇಕು. ಪ್ರತಿ ಅರ್ಜಿಗೂ ಬ್ಯಾಂಕ್ ವರದಿ ತರಿಸಿ ನೋಡುತ್ತದೆ, ಆ ವಿಚಾರಣೆ ವರದಿಯಲ್ಲಿ ದಾಖಲಾಗುತ್ತದೆ. ಒಂದೇ ವಾರದಲ್ಲಿ ಐದು ಕಡೆ ಕೇಳಿದವರನ್ನು ಬ್ಯಾಂಕ್ ಅನುಮಾನದಿಂದ ನೋಡುತ್ತದೆ. ಸಂಜೆಯೊಳಗೆ ಊರಿನ ಎಲ್ಲ ಅಂಗಡಿಗಳಲ್ಲೂ ಉದ್ರಿ ಕೇಳಿದವನ ಬಗ್ಗೆ ಪೇಟೆಯಲ್ಲಿ ಏನು ಮಾತು ಹುಟ್ಟುತ್ತದೋ ಇದೂ ಹಾಗೆಯೇ. ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಬ್ಯಾಂಕ್ ಲಿಖಿತವಾಗಿ ತಿಳಿಸಬೇಕೆಂದು ನಿಯಮವಿದೆ. ಆ ಕಾರಣವನ್ನು ಕೇಳಿ ಪಡೆದು, ಸರಿಪಡಿಸಿ, ಕೆಲವು ತಿಂಗಳು ಬಿಟ್ಟು ಮತ್ತೆ ಪ್ರಯತ್ನಿಸಬೇಕು.

ಬಿಲ್ಲಿನ ದಿನಗಳ ಲೆಕ್ಕ

ಕಾರ್ಡ್ ಬಂದ ಮೇಲೆ ತಿಳಿಯಬೇಕಾದ ದಿನಾಂಕಗಳು ಎರಡು: ಬಿಲ್ ತಯಾರಾಗುವ ದಿನ ಮತ್ತು ಹಣ ಕಟ್ಟಲು ಕೊನೆಯ ದಿನ. ಬಿಲ್ ಪ್ರತಿ ತಿಂಗಳ 5ರಂದು ತಯಾರಾಗಿ, ಕಟ್ಟಲು 25ರವರೆಗೆ ಸಮಯವಿದೆ ಎಂದುಕೊಳ್ಳೋಣ. ಜೂನ್ 6ರಂದು ಕೊಂಡ ವಸ್ತು ಜುಲೈ 5ರ ಬಿಲ್ಲಿಗೆ ಬರುತ್ತದೆ, ಜುಲೈ 25ರೊಳಗೆ ಕಟ್ಟಿದರೆ ಸಾಕು; 49 ದಿನ ಬಡ್ಡಿ ಇಲ್ಲ. ಜುಲೈ 4ರಂದು ಕೊಂಡದ್ದೂ ಅದೇ ಬಿಲ್ಲಿಗೆ ಬರುವುದರಿಂದ ಅದಕ್ಕೆ ಸಿಗುವುದು 21 ದಿನ ಮಾತ್ರ. ಪೂರ್ಣ ಬಿಲ್ ಕಟ್ಟಿದವರಿಗಷ್ಟೇ ಈ ಸೌಲಭ್ಯ.

ಲಿಮಿಟ್ ಇದ್ದಷ್ಟನ್ನೂ ಬಳಸುವುದು ಒಳ್ಳೆಯ ಲಕ್ಷಣವಲ್ಲ. ಸುಮಾರು ಶೇ. 30ರೊಳಗೆ ಇರಲಿ ಎಂಬುದು ರೂಢಿಯ ಸಲಹೆ. 20,000 ರೂ. ಲಿಮಿಟ್‌ಗೆ 6,000 ರೂ. ಕರೆಂಟ್ ಬಿಲ್, ಮೊಬೈಲ್ ರೀಚಾರ್ಜ್, ತಿಂಗಳ ದಿನಸಿ, ಹೀಗೆ ಹೇಗೂ ಮಾಡುವ ಖರ್ಚನ್ನೇ ಕಾರ್ಡಿನಿಂದ ಮಾಡಿ, ಪೂರ್ಣ ಮೊತ್ತಕ್ಕೆ ಉಳಿತಾಯ ಖಾತೆಯಿಂದ ಆಟೋ ಡೆಬಿಟ್ ಹಾಕಿಬಿಟ್ಟರೆ ಮರೆಯುವ ಭಯವಿಲ್ಲ. ಆಟೋ ಡೆಬಿಟ್ ಮಾಡಿಸುವಾಗ ‘ಪೂರ್ಣ ಮೊತ್ತ’ ಎಂದೇ ಆರಿಸಬೇಕು, ‘ಕನಿಷ್ಠ ಮೊತ್ತ’ ಎಂದಲ್ಲ. 2025ರ ಜನವರಿಯಿಂದ ಬ್ಯಾಂಕುಗಳು ಕನಿಷ್ಠ ಹದಿನೈದು ದಿನಕ್ಕೊಮ್ಮೆಯಾದರೂ ವಿವರ ಕಳುಹಿಸಬೇಕಾಗಿರುವುದರಿಂದ, ಸರಿಯಾಗಿ ಕಟ್ಟಿದ್ದೂ ತಪ್ಪಿದ್ದೂ ಬೇಗನೆ ವರದಿಗೆ ಸೇರುತ್ತದೆ.

‘ಮಿನಿಮಮ್ ಡ್ಯೂ’ ಎಂಬ ಬಲೆ

ಬಿಲ್ಲಿನಲ್ಲಿ ಒಟ್ಟು ಮೊತ್ತದ ಪಕ್ಕದಲ್ಲೇ ‘ಮಿನಿಮಮ್ ಡ್ಯೂ’ ಎಂದು ಸಣ್ಣ ಮೊತ್ತವಿರುತ್ತದೆ, ಸಾಮಾನ್ಯವಾಗಿ ಶೇ. 5ರ ಆಸುಪಾಸು. ಅಷ್ಟು ಕಟ್ಟಿದರೆ ತಡಪಾವತಿಯ ದಂಡವಿಲ್ಲ ನಿಜ, ಆದರೆ ಬಡ್ಡಿ ಓಡುತ್ತದೆ. ಹಲವು ಕಾರ್ಡುಗಳ ಬಡ್ಡಿ ತಿಂಗಳಿಗೆ ಶೇ. 3ರಿಂದ 3.75, ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಬೇರೆ.

ಸರಳ ಲೆಕ್ಕ ನೋಡಬಹುದು. ಬಿಲ್ 20,000 ರೂ., ಕಟ್ಟಿದ್ದು 1,000 ರೂ. ಉಳಿದ 19,000ಕ್ಕೆ ತಿಂಗಳಿಗೆ ಶೇ. 3.5ರಂತೆ ಬಡ್ಡಿ 665 ರೂ., ಅದಕ್ಕೆ ಜಿಎಸ್‌ಟಿ ಸುಮಾರು 120 ರೂ., ಒಟ್ಟು 785 ರೂ. ಮುಂದಿನ ತಿಂಗಳು ಮತ್ತೆ 1,000 ರೂ. ಕಟ್ಟಿದರೆ ಅಸಲಿಗೆ ಸೇರುವುದು 215 ರೂ. ಮಾತ್ರ. ಅಷ್ಟೇ ಅಲ್ಲ, ಬಾಕಿ ಇರುವವರೆಗೆ ಹೊಸ ಖರೀದಿಗೂ ಕೊಂಡ ದಿನದಿಂದಲೇ ಬಡ್ಡಿ ಬೀಳುತ್ತದೆ. ವರ್ಷಕ್ಕೆ ಶೇ. 42ರ ಈ ಬಡ್ಡಿಗೆ ಪೇಟೆಯಲ್ಲಿ ಯಾವ ವ್ಯಾಪಾರಿಯೂ ಸಾಲ ಎತ್ತುವುದಿಲ್ಲ. ಕಾರ್ಡಿನ ಬಡ್ಡಿ ಶೇ. 30 ಮೀರಬಾರದೆಂದು ರಾಷ್ಟ್ರೀಯ ಗ್ರಾಹಕ ಆಯೋಗ ಹಿಂದೆ ನೀಡಿದ್ದ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ರದ್ದು ಮಾಡಿದೆ. ಆದ್ದರಿಂದ ಎಚ್ಚರಿಕೆ ಗ್ರಾಹಕರದೇ. ಎಟಿಎಂನಲ್ಲಿ ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆದರಂತೂ ಶುಲ್ಕವೂ ಉಂಟು, ಅಂದಿನಿಂದಲೇ ಬಡ್ಡಿಯೂ ಉಂಟು, ಅದನ್ನು ಮಾಡಲೇಬಾರದು.

ಗ್ರಾಹಕರ ಪರವಾಗಿರುವ ನಿಯಮಗಳು

ರಿಸರ್ವ್ ಬ್ಯಾಂಕ್ 2022ರಲ್ಲಿ ಹೊರಡಿಸಿದ ನಿರ್ದೇಶನಗಳಲ್ಲಿ ಹೊಸಬರು ತಿಳಿದಿರಬೇಕಾದವು ಇವು:

- ಕೇಳದೆ ಕಾರ್ಡ್ ಕಳುಹಿಸುವಂತಿಲ್ಲ. ಕಳುಹಿಸಿ ಶುಲ್ಕ ಹಾಕಿದರೆ ಆ ಶುಲ್ಕವನ್ನು ಹಿಂದಿರುಗಿಸಿ, ಅದರ ಎರಡರಷ್ಟನ್ನು ದಂಡವಾಗಿ ಕೊಡಬೇಕು.
- ಒಪ್ಪಿಗೆ ಇಲ್ಲದೆ ಲಿಮಿಟ್ ಹೆಚ್ಚಿಸುವಂತಿಲ್ಲ.
- ಪಾವತಿ ಮೂರು ದಿನಕ್ಕಿಂತ ಹೆಚ್ಚು ತಡವಾದರೆ ಮಾತ್ರ ತಡಪಾವತಿ ಶುಲ್ಕ ಹಾಕಬಹುದು.
- ಬಾಕಿ ಇಲ್ಲದ ಕಾರ್ಡನ್ನು ಮುಚ್ಚಲು ಕೇಳಿದ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂ. ದಂಡ ಗ್ರಾಹಕರಿಗೆ ಸಲ್ಲುತ್ತದೆ.

ವರದಿಯಲ್ಲಿ ತಪ್ಪಿದ್ದರೆ ದೂರು ಕೊಟ್ಟ 30 ದಿನಗಳೊಳಗೆ ಸರಿಪಡಿಸಬೇಕು. ಮೀರಿದರೆ ದಿನಕ್ಕೆ 100 ರೂ. ಪರಿಹಾರ ಕೊಡಬೇಕೆಂಬ ನಿಯಮವೂ ಇದೆ. ಬ್ಯಾಂಕ್ 30 ದಿನದಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಸರಿ ಎನಿಸದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ಉಚಿತವಾಗಿ ದೂರು ಸಲ್ಲಿಸಬಹುದು. ಮಾಹಿತಿಗೆ 14448 ಸಂಖ್ಯೆ ಇದೆ.

ಮೋಸಕ್ಕೆ ಸಿಗದಿರಲು

ಹೊಸ ಕಾರ್ಡ್ ಬಂದ ಕೆಲವೇ ದಿನಗಳಲ್ಲಿ ‘ಲಿಮಿಟ್ ಹೆಚ್ಚಿಸುತ್ತೇವೆ’, ‘ವಾರ್ಷಿಕ ಶುಲ್ಕ ಮನ್ನಾ ಮಾಡುತ್ತೇವೆ’ ಎಂಬ ಕರೆಗಳು ಬರಬಹುದು. ಒಟಿಪಿ, ಪಿನ್, ಕಾರ್ಡಿನ ಹಿಂದಿರುವ ಮೂರಂಕಿಯ ಸಿವಿವಿ ಸಂಖ್ಯೆಯನ್ನು ಯಾರಿಗೂ ಹೇಳಬಾರದು. ನಿಜವಾದ ಬ್ಯಾಂಕಿನವರು ಕೇಳುವುದಿಲ್ಲ. ಹಣ ಹೋದರೆ ತಕ್ಷಣ ಬ್ಯಾಂಕಿಗೆ ಹೇಳಿ ಕಾರ್ಡ್ ಬ್ಲಾಕ್ ಮಾಡಿಸಿ, 1930ಕ್ಕೆ ಕರೆ ಮಾಡಬೇಕು. ಗಂಟೆಗಳು ಕಳೆದಷ್ಟೂ ಹಣ ಹಿಂದೆ ಬರುವ ಸಾಧ್ಯತೆ ಕಡಿಮೆ. ಹಣ ಪಡೆದು ಸಿಬಿಲ್ ಸ್ಕೋರ್ ಏರಿಸಿಕೊಡುತ್ತೇವೆ ಎನ್ನುವ ಏಜೆಂಟರನ್ನೂ ನಂಬಬಾರದು. ತಪ್ಪಿದ್ದರೆ ತಿದ್ದಿಸಲು ಶುಲ್ಕವಿಲ್ಲ. ತಪ್ಪಿಲ್ಲದ್ದನ್ನು ಯಾರೂ ತಿದ್ದಲಾರರು.

ಪುಕ್ಕಟೆ ಎಂದು ಪಡೆದು ಕಪಾಟಿನಲ್ಲಿ ಇಟ್ಟ ಕಾರ್ಡ್ ಇನ್ನೊಂದು ತೊಂದರೆ. ಮೊದಲ ವರ್ಷ ಮಾತ್ರ ಉಚಿತವಾಗಿದ್ದು, ಎರಡನೇ ವರ್ಷದ 500 ರೂ. ಶುಲ್ಕ ಗಮನಕ್ಕೆ ಬಾರದೆ ಬಾಕಿ ಬೆಳೆದು, ಅಷ್ಟಕ್ಕೇ ವರದಿ ಕೆಡುವುದುಂಟು. ಬೇಡವಾದ ಕಾರ್ಡನ್ನು ಕತ್ತರಿಸಿ ಎಸೆದರೆ ಸಾಲದು. ಬ್ಯಾಂಕಿಗೆ ತಿಳಿಸಿ ಮುಚ್ಚಿಸಿ, ಮುಚ್ಚಿದ ಪತ್ರ ಇಟ್ಟುಕೊಳ್ಳಬೇಕು.

ಮೊದಲ ವರ್ಷದ ನಡೆ

ಮೊದಲ ತಿಂಗಳು ವರದಿ ತೆಗೆದು ಹೆಸರು, ಜನ್ಮದಿನಾಂಕ ಸರಿಪಡಿಸಿಕೊಳ್ಳುವುದು. ನಂತರ ಸಣ್ಣ ಎಫ್‌ಡಿ ಮೇಲೆ ಅಥವಾ ಸಂಬಳದ ಬ್ಯಾಂಕಿನಲ್ಲಿ ಒಂದೇ ಅರ್ಜಿ. ಆರು ತಿಂಗಳು ಮನೆಯ ಮಾಮೂಲಿ ಖರ್ಚಿಗೆ ಬಳಸಿ, ಪ್ರತಿ ಬಿಲ್ಲನ್ನೂ ಪೂರ್ತಿ ಕಟ್ಟುವುದು. ಅನಂತರ ಮತ್ತೆ ವರದಿ ನೋಡಿದರೆ ಖಾಲಿ ಇದ್ದ ಜಾಗದಲ್ಲಿ ಅಂಕಿ ಕಾಣುತ್ತದೆ. ವರ್ಷ ತುಂಬಿದ ಮೇಲೆ ಠೇವಣಿ ಇಲ್ಲದ ಸಾಮಾನ್ಯ ಕಾರ್ಡ್ ಕೇಳಬಹುದು. ಅದು ಬರುವ ಮೊದಲೇ ಹಳೆಯ ಕಾರ್ಡ್ ಮುಚ್ಚುವ ಅವಸರ ಬೇಡ. ಹಳೆಯ ಖಾತೆ ಚೊಕ್ಕವಾಗಿದ್ದಷ್ಟೂ ದಾಖಲೆಗೆ ತೂಕ.

ಕಾರ್ಡ್ ಎಲ್ಲರಿಗೂ ಬೇಕೆಂದೇನೂ ಇಲ್ಲ. ಕೈಯಲ್ಲಿ ಕಾರ್ಡ್ ಇದ್ದರೆ ಖರ್ಚು ಹಿಡಿತ ತಪ್ಪುತ್ತದೆ ಎನ್ನುವವರು ದೂರವಿರುವುದೇ ಮೇಲು. ಆದರೆ ಮುಂದೆ ಮನೆ ಸಾಲವೋ ಅಂಗಡಿ ವಿಸ್ತರಣೆಯ ಸಾಲವೋ ಬೇಕಾಗಬಹುದು ಎನ್ನುವ ಕುಟುಂಬಗಳಿಗೆ ಇದು ಈಗಲೇ ಮಾಡಿಡಬೇಕಾದ ಕೆಲಸ. ಮನೆ ಸಾಲದ ಬಡ್ಡಿದರವನ್ನು ಸ್ಕೋರ್ ನೋಡಿ ಹೆಚ್ಚು ಕಡಿಮೆ ಮಾಡುವ ಬ್ಯಾಂಕುಗಳು ಹಲವು. ಇಪ್ಪತ್ತು ವರ್ಷದ ಸಾಲದಲ್ಲಿ ಬಡ್ಡಿ ಅರ್ಧ ಶೇಕಡಾ ಕಡಿಮೆಯಾದರೂ ಉಳಿಯುವ ಮೊತ್ತ ಸಣ್ಣದಲ್ಲ. ಹೇಳಿದ ದಿನಕ್ಕೆ ಹಣ ಮುಟ್ಟಿಸುವ ರೂಢಿ ನಮ್ಮ ಮನೆಗಳಲ್ಲಿ ಆಗಲೇ ಇದೆ. ಅದು ಬ್ಯಾಂಕಿನ ಪುಸ್ತಕದಲ್ಲೂ ದಾಖಲಾಗುವಂತೆ ನೋಡಿಕೊಳ್ಳುವುದಷ್ಟೇ ಉಳಿದಿದೆ.